ಎರಡು ಜಾಡಿ, ಎರಡು ಟ್ರೌಟ್

ಪ್ರಾಣಿಶಾಸ್ತ್ರದ ಸ್ನಾತಕೋತ್ತರ ತರಗತಿಯ ಸೆಮಿನಾರಿಗೆ ನಾನು ಆರಿಸಿಕೊಂಡಿದ್ದ ವಿಷಯ ಮೀನುಮರಿ ಬಿತ್ತನೆ. ನದಿಯಲ್ಲಿ ಮೊಟ್ಟೆಯ ಹಂತದಲ್ಲೋ ಮರಿಯ ಹಂತದಲ್ಲೋ ಸತ್ತುಹೋಗುವ ಜೀವಗಳನ್ನು ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಯೊಡೆಸಿ ಮರಿ ಸಾಕುವ ಕೇಂದ್ರದಲ್ಲಿ, ಉಳಿಸಿ ಬೆಳೆಸಿದರೆ, ಬಿಟ್ಟಷ್ಟೂ ನದಿಗೆ ಲಾಭವೇ ಎಂಬ ನನ್ನ ವಾದವನ್ನು ಗುರುಗಳು ಕೊನೆಯವರೆಗೂ ಕೇಳಿಸಿಕೊಂಡರು. ಬಳಿಕ ಬೀರುವಿನಿಂದ ಎರಡು ಫಾರ್ಮಲಿನ್ ಜಾಡಿಗಳನ್ನು ತೆಗೆದು ಮೇಜಿನ ಮೇಲಿಟ್ಟು, "ಇವುಗಳಲ್ಲಿ ಸಾಕಿದ್ದು ಯಾವುದಪ್ಪ?" ಎಂದರು.

ಎರಡೂ ರೈನ್‌ಬೋ ಟ್ರೌಟ್ ಎಂಬ ತಣ್ಣೀರಿನ ಮೀನು. ನಾನು ದಪ್ಪನೆಯದನ್ನು ತೋರಿಸಿದೆ. ಉತ್ತರ ಸರಿಯಿತ್ತು, ಕೊಟ್ಟ ಕಾರಣ ಸರಿಯಿರಲಿಲ್ಲ. ಅವರು ತೋರಿಸಿದ್ದು ಬೆನ್ನಿನ ರೆಕ್ಕೆಯನ್ನು. ಒಂದರ ರೆಕ್ಕೆ ಬಿಚ್ಚಿದ ಬೀಸಣಿಗೆಯಂತಿದ್ದು, ಅದರ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಇನ್ನೊಂದರದು ಸವೆದು ಮೊಂಡಾಗಿ, ಅಂಚು ಗಂಟುಗಟ್ಟಿ, ಉಳಿದ ಕಡ್ಡಿಗಳು ಸೊಟ್ಟಗಾಗಿದ್ದವು. ಕಿಕ್ಕಿರಿದ ತೊಟ್ಟಿಯಲ್ಲಿ ಮೀನುಗಳು ಪರಸ್ಪರ ಕಚ್ಚಾಡಿ, ಕಾಂಕ್ರೀಟಿಗೆ ಉಜ್ಜಿಕೊಂಡು ಹೀಗಾಗುತ್ತವೆ. ಮೇಲಿನಿಂದ ಬೀಳುವ ಆಹಾರದ ಗುಳಿಗೆ ತಿಂದು ಬೆಳೆದ ಮೀನು, ನೀರಿನ ಮೇಲೆ ನೆರಳಾಡಿದರೆ ಊಟ ಬಂತೆಂದು ಮೇಲೇರುತ್ತದೆ. ನದಿಯ ಮೀನು ಅದೇ ನೆರಳಿಗೆ ಹಕ್ಕಿಯೆಂದು ಹೆದರಿ ಕಲ್ಲಿನಡಿ ಸೇರುತ್ತದೆ.

"ಹಾಗಾದರೆ ಬಿಟ್ಟ ಮೀನು ಬೇಗ ಸಾಯುತ್ತದೆ, ನದಿಯ ಮೀನಿಗೇನು ನಷ್ಟ?" ಎಂದು ನಾನು ಪಟ್ಟು ಬಿಡದೆ ಕೇಳಿದ್ದೆ. ಉತ್ತರವಾಗಿ ಅವರು ಕೊಟ್ಟದ್ದು 1987ರಲ್ಲಿ ಪ್ರಕಟವಾಗಿದ್ದ, ಅಮೆರಿಕದ ಮೊಂಟಾನಾ ರಾಜ್ಯದ ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ ಅವರ ಪ್ರಬಂಧದ ಪ್ರತಿ. ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಬಿತ್ತನೆ ನಿಲ್ಲಿಸಿದಾಗ, ಅಲ್ಲಿಯೇ ಹುಟ್ಟಿ ಎರಡು ವರ್ಷ ದಾಟಿದ ಬ್ರೌನ್ ಟ್ರೌಟ್‌ಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ದುಪ್ಪಟ್ಟನ್ನೂ ಮೀರಿತ್ತು. ಹಿಂದೆ ಬಿತ್ತನೆ ಕಾಣದಿದ್ದ ಓಡೆಲ್ ತೊರೆಗೆ ಹ್ಯಾಚರಿ ಮೀನು ಬಿಟ್ಟಾಗ ಅಲ್ಲಿದ್ದ ಮೀನುಗಳು ಕಡಿಮೆಯಾಗಿದ್ದವು. ಸಾಯುವ ಮುನ್ನ ಆ ಹೊಸ ಮೀನುಗಳು ಗುಂಪುಗುಂಪಾಗಿ ನುಗ್ಗಿ, ಹರಿವಿನ ಸೆಳೆತ ತಪ್ಪಿಸಿಕೊಳ್ಳಲು ಕಲ್ಲಿನ ಮರೆ ಹಿಡಿದಿದ್ದ ಹಳಬರನ್ನು ಎಬ್ಬಿಸಿಬಿಡುತ್ತವೆ ಎಂಬುದು ಗುರುಗಳ ವಿವರಣೆ. ಸ್ವಂತವಾಗಿ ಸಂತಾನ ಬೆಳೆಸುವ ಟ್ರೌಟ್ ಇರುವ ನದಿಗಳಲ್ಲಿ ಮೊಂಟಾನಾ 1974ರಲ್ಲಿಯೇ ಬಿತ್ತನೆಯನ್ನು ಕೈಬಿಟ್ಟಿತ್ತು. (ಬ್ರೌನ್ ಟ್ರೌಟ್ ಕೂಡ ಆ ನದಿಗೆ ಯುರೋಪಿನಿಂದ ಬಂದ ಪರದೇಶಿಯೇ, ಅಲ್ಲಿನ ಮೂಲನಿವಾಸಿ ಕಟ್‌ಥ್ರೋಟ್ ಟ್ರೌಟ್‌ನ ಪಾಡು ಬೇರೆ, ರೈನ್‌ಬೋ ಜೊತೆ ಬೆರೆತು ಅದರ ತಳಿಯೇ ಅನೇಕ ಕಡೆ ಕಲಸಿಹೋಗಿದೆ.)

ತಳಿಯ ಮಾತು ನನಗೆ ಸರಿಯಾಗಿ ಮನದಟ್ಟಾದದ್ದು ಕಾಲೇಜು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಸಮುದ್ರಕ್ಕೆ ಹೋಗಿ ಮರಳುವ ರೈನ್‌ಬೋ ಟ್ರೌಟ್‌ಗೆ ಸ್ಟೀಲ್‌ಹೆಡ್ ಎಂದು ಹೆಸರು. ಅಮೆರಿಕದ ಆರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಬಿಡಿಸಿದ ಅಧ್ಯಯನ 2007ರಲ್ಲಿ ಬಂತು: ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೂ, ನದಿಯಲ್ಲಿ ಮರಿ ಉಳಿಸುವ ಸಾಮರ್ಥ್ಯ ಸುಮಾರು ಶೇ. 40ರಷ್ಟು ಕುಗ್ಗುತ್ತಿತ್ತು. ತೊಟ್ಟಿಯಲ್ಲಿ ಗೆಲ್ಲುವ ಗುಣ ಹೊಳೆಯಲ್ಲಿ ಸೋಲುವ ಗುಣವಾಗಿತ್ತು, ಅದು ನದಿಯ ಮೀನಿನ ವಂಶಕ್ಕೂ ಬೆರೆಯುವಂತಿತ್ತು.

ಫಲಿತ ಮೊಟ್ಟೆಗಳಿಗೆ ಶಾಖ ಅಥವಾ ಒತ್ತಡ ಕೊಟ್ಟು, ಎರಡರ ಬದಲು ಮೂರು ಸೆಟ್ ವರ್ಣತಂತುಗಳಿರುವ (ಕ್ರೋಮೋಸೋಮ್) ಬಂಜೆ ಮೀನು ಬೆಳೆಸಿ ಬಿಟ್ಟರೆ ಈ ಬೆರಕೆ ತಪ್ಪುತ್ತದೆಂದು ಓದಿ, ನಿವೃತ್ತರಾಗಿದ್ದ ಗುರುಗಳಿಗೆ ಉತ್ಸಾಹದಿಂದ ಪತ್ರ ಬರೆದೆ. ಮರುಟಪಾಲಿನಲ್ಲಿ ಬಂದ ಕಾರ್ಡಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಮರಿ ಹಾಕದಿದ್ದರೂ ಅದಕ್ಕೆ ಹೊಟ್ಟೆಯಿದೆಯಲ್ಲ, ನಿಲ್ಲಲು ಕಲ್ಲು ಬೇಕಲ್ಲ?"