ಈ ತಪ್ಪಲೆ ಚಿತ್ರದಲ್ಲಿ ನೋಡೋಕೆ ಏನಿದೆ?

ಸರಸ್ವತಿಪುರಂನ ನಮ್ಮ ಮನೆ ಹಾಲ್‌ನಲ್ಲಿ ಒಂದು ಜಲವರ್ಣ ಚಿತ್ರ ಇದೆ. ನೆಗ್ಗಿದ ಹಳೇ ಅಲ್ಯೂಮಿನಿಯಂ ತಪ್ಪಲೆ, ಅಷ್ಟೇ. ಬಂದವರೆಲ್ಲ ಕೇಳುತ್ತಾರೆ: "ಗುಜರಿಗೆ ಹಾಕೋ ಪಾತ್ರೆನ ಗೋಡೆಗೆ ಹಾಕಿದ್ದೀರಲ್ಲ, ಇದ್ರಲ್ಲಿ ನೋಡೋಕೆ ಏನಿದೆ?"

ಮೊದಲು ಆ ಹೊಳಪು ನೋಡಿ ಅನ್ನುತ್ತೇನೆ. ಕಂಠದ ಹತ್ತಿರ ಫಳಫಳ ಅನ್ನುತ್ತಿದೆಯಲ್ಲ, ಅಲ್ಲಿ ಬಣ್ಣವೇ ಇಲ್ಲ. ಬರೀ ಕಾಗದ. ತೈಲವರ್ಣದಲ್ಲಾದರೆ ಕೊನೆಗೆ ಒಂದು ಚುಕ್ಕೆ ಬಿಳಿ ಇಟ್ಟರೆ ಆಯ್ತು. ಜಲವರ್ಣದಲ್ಲಿ ಹಳೇ ಪದ್ಧತಿಯವರು ಬಿಳಿ ಬಣ್ಣ ಮುಟ್ಟುವುದಿಲ್ಲ. ಹೊಳಪು ಬೇಕಾದ ಜಾಗವನ್ನು ಶುರುವಿನಲ್ಲೇ ಬಿಟ್ಟು ಸುತ್ತ ಹಚ್ಚಬೇಕು. ತಿಳಿಯಿಂದ ಗಾಢಕ್ಕೆ ಹೋಗಬೇಕು, ವಾಪಸ್ ಬರೋದು ಕಷ್ಟ.

ಇನ್ನು ಆ ಬೂದು. ಹತ್ತಿರದಿಂದ ನೋಡಿದರೆ ಅದು ಒಂದೇ ಬಣ್ಣವಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕಂದು ಬೆರೆತು ಬೂದಾಗಿದೆ. ಬೆಳಕಿನ ಕಡೆ ನೀಲಿ ಜಾಸ್ತಿ, ಒಲೆ ಕಂಡ ತಳದಲ್ಲಿ ಕಂದು ಜಾಸ್ತಿ. ಅಲ್ಟ್ರಾಮರೀನ್ ಕಣಗಳು ಒರಟು ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ಅದರಿಂದಲೇ ಆ ತರಿತರಿ ಮೈ. ವರ್ಷಗಟ್ಟಲೆ ಉಜ್ಜಿದ ಅಲ್ಯೂಮಿನಿಯಂ ಥೇಟ್ ಹಾಗೇ ಇರುತ್ತದೆ, ಅಲ್ವಾ? ಬರೆದವರು ಅಲ್ಲಿ ಕುಂಚ ಆಡಿಸಿಲ್ಲ. ಒಣಗುವ ತನಕ ಸುಮ್ನೆ ಬಿಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ಮೈಸೂರಿನವರಿಗೆಲ್ಲ ಗೊತ್ತು. ರವಿವರ್ಮ ಬರೆದದ್ದು ಅಂತ ಹೇಳುವವರು ಇನ್ನೂ ಇದ್ದಾರೆ! ಬರೆದವರು ಎಸ್.ಎಲ್. ಹಲ್ದಂಕರ್. ಅದೂ ಜಲವರ್ಣವೇ. ಬೆರಳ ಸಂದಿಯ ಕೆಂಪು ಬೆಳಕಿಗೆ ಜನ ಬೆರಗಾಗುತ್ತಾರೆ, ಅದರಲ್ಲೇನಿದೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಒಂದು ಮುಖ ಇದೆ, ಕಥೆ ಕಟ್ಟಿಕೊಳ್ಳಬಹುದು. ತಪ್ಪಲೆಗೆ ಅದ್ಯಾವುದೂ ಇಲ್ಲ. ಹಾಗಾಗಿ ಕೆಲಸವನ್ನೇ ನೋಡಬೇಕು.

ಹಾಗಂತ ಪಾತ್ರೆ ಪಗಡ ಬರೆದ ಚಿತ್ರವೆಲ್ಲ ಚೆನ್ನ ಅಂತಲ್ಲ. ನೆರಳು ನೋಡಿ. ಪಾತ್ರೆಗೆ ತಾಗಿದ ಕಡೆ ಅಂಚು ಚೂಪಾಗಿ, ದೂರ ಹೋಗುತ್ತಾ ಮಸುಕಾಗಬೇಕು. ಸುತ್ತಲೂ ಒಂದೇ ಸಮ ಇದ್ದರೆ ಪಾತ್ರೆ ನೆಲದ ಮೇಲೆ ಕೂತ ಹಾಗೆ ಕಾಣುವುದಿಲ್ಲ. ಅಂಥದ್ದಕ್ಕೆ ನಾನು ದುಡ್ಡು ಕೊಡುವುದಿಲ್ಲ, ಬರೆದಿರೋದು ಬೆಳ್ಳಿ ಚೊಂಬೇ ಆದರೂ.