"ಸ್ವಲ್ಪ ಕಂಟ್ರೋಲ್ ಮಾಡ್ಕೋಬಾರದಾ?" ಅಂತ ಕೇಳುವವರಿಗೆ

ನಾನು ವಿದ್ಯಾರ್ಥಿಗಳ ಆಪ್ತಸಮಾಲೋಚಕಿ. ಪಾಠ ಮಾಡುವವರು, ಅಪ್ಪ ಅಮ್ಮ, ಎಲ್ಲರೂ ಕೇಳುವುದು ಒಂದೇ: "ಇಷ್ಟು ಓದಿದ್ದಾಳೆ, ಸಿಟ್ಟು ಬಂದಾಗ ಸ್ವಲ್ಪ ಕಂಟ್ರೋಲ್ ಮಾಡ್ಕೋಬಾರದಾ?"

ಆಗಲ್ಲ. ಯಾರಾದರೂ ಕಲಿಸುವ ತನಕ ಆಗಲ್ಲ. ಓದಿಗೂ ಇದಕ್ಕೂ ಸಂಬಂಧವೇ ಇಲ್ಲ.

ಒಬ್ಬ ಹುಡುಗಿ ಎಲ್ಲರೆದುರು ಉತ್ತರಪತ್ರಿಕೆ ಹರಿದು ಹಾಕಿದ್ದಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಯಾಕೆ ಅಂದರೆ "ಗೊತ್ತಿಲ್ಲ" ಅಂದಳು. ಹಠ ಅಂದರು, ನಾಟಕ ಅಂದರು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಬ್ಬರೂ ಕೂತು ಆ ದಿನವನ್ನು ಹಿಂದಿನಿಂದ ಒಂದೊಂದಾಗಿ ಬಿಡಿಸಿದೆವು. ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಗೆಳತಿ ಮೆಸೇಜ್ ನೋಡಿಯೂ ಉತ್ತರ ಕೊಟ್ಟಿಲ್ಲ. ಕ್ಲಾಸಿಗೆ ಬರುವಾಗಲೇ ದವಡೆ ಬಿಗಿದಿತ್ತು. ಆಮೇಲೆ ಅಂಕ. ನಿಮಗೆ ಕಂಡದ್ದು ಸಿಟ್ಟು. ಬೆಳಿಗ್ಗೆಯಿಂದ ಅವಳೊಳಗೆ ಇದ್ದದ್ದು ಗೆಳತಿ ಬಿಟ್ಟು ಹೋಗ್ತಾಳೆ ಅನ್ನುವ ಭಯ. ಇದೆ ಅಂತಲೇ ತಿಳಿಯದ ಭಯವನ್ನು ತಡೆಯುವುದು ಹೇಗೆ?

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅನ್ನುವ ಮಾನಸಿಕ ತೊಂದರೆಯ ಲಕ್ಷಣ ಇರುವವರಿಗೆ ಭಾವನೆ ಬೇಗ ಏರುತ್ತದೆ, ಜಾಸ್ತಿ ಏರುತ್ತದೆ, ಇಳಿಯಲು ಹೊತ್ತು ಹಿಡಿಯುತ್ತದೆ. ಹಾಗಂತ ನೀವೇ ಹಣೆಪಟ್ಟಿ ಹಚ್ಚಬೇಡಿ. ಡಿಎಸ್‌ಎಂ-5 (ಮಾನಸಿಕ ಕಾಯಿಲೆ ಗುರುತಿಸಲು ತಜ್ಞರು ಬಳಸುವ ಅಮೆರಿಕದ ಕೈಪಿಡಿ) ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. 18 ತುಂಬದವರಲ್ಲಾದರೆ ಅವು 1 ವರ್ಷವಾದರೂ ಇದ್ದಿರಬೇಕು. ಅದನ್ನು ಹೇಳಬೇಕಾದವರು ತಜ್ಞರು. ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಭಾವನೆಯನ್ನು ಹತೋಟಿಗೆ ತರುವುದು ಕಲಿಯಬಹುದಾದ ವಿದ್ಯೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ, ಭಾವನೆ ನಿಭಾಯಿಸಲು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಚಿಕಿತ್ಸೆಯಲ್ಲಿ ದಿನವನ್ನು ಹೀಗೆ ಬಿಡಿಸಿ ನೋಡುವುದೂ ಒಂದು ಪಾಠ. 1991ರಲ್ಲಿ ಅದರ ಮೊದಲ ಪ್ರಯೋಗದ ಫಲಿತಾಂಶ ಬಂತು. ಚಿಕಿತ್ಸೆ ಪಡೆದವರು ತಮಗೆ ತಾವೇ ಗಾಯ ಮಾಡಿಕೊಳ್ಳುವುದು ಕಡಿಮೆಯಾಗಿತ್ತು.

ಹಾಗಾದರೆ ತಪ್ಪಿಗೆಲ್ಲ ಮಾಫಿ ಅಂತಲಾ? ಇಲ್ಲ. ಆ ಹುಡುಗಿ ಮೇಷ್ಟ್ರ ಹತ್ತಿರ ಹೋಗಿ ಕ್ಷಮೆ ಕೇಳಿದಳು. ಕೇಳಲೇಬೇಕಿತ್ತು.

ಆದರೆ "ಯಾಕೆ ಹೀಗೆ ಮಾಡ್ದೆ?" ಅನ್ನುವ ಬದಲು "ಅದಕ್ಕೆ ಮುಂಚೆ ಏನಾಗಿತ್ತು?" ಅಂತ ಒಬ್ಬರಾದರೂ ಕೇಳಿದ್ದರೆ! ನನ್ನ ಹತ್ತಿರ ಬಂದಾಗಲೂ ಅದನ್ನೇ ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.

ಈಗ ಅವಳಿಗೆ ದವಡೆ ಬಿಗಿಯುವುದು ತಿಳಿಯುತ್ತದೆ. ತಿಳಿದ ಕೂಡಲೇ ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳುತ್ತಾಳೆ, ಉಸಿರು ನಿಧಾನ ಮಾಡಿಕೊಂಡು ವಾಪಸ್ ಬರುತ್ತಾಳೆ. ನಿಮ್ಮ ಕ್ಲಾಸಿನಲ್ಲೂ ಇಂಥ ಮಗು ಹೊರಗೆ ಹೋಗಬೇಕು ಅಂತ ಕೈ ಎತ್ತಿದರೆ, "ಮತ್ತೆ ಶುರುವಾಯ್ತಾ ನಿಂದು?" ಅನ್ನಬೇಡಿ. ಕಳಿಸಿ.