ಮೊದಲ ಕಪ್‌ಗೆ ಹದಿಮೂರು ವರ್ಷ: ಪ್ಯಾಟ್ ಸಮಿಟ್ ಕಟ್ಟಿದ ತಂಡ

ಪ್ಯಾಟ್ ಸಮಿಟ್ ಎಂದರೆ 1098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1974ರಿಂದ 2012ರವರೆಗೆ, 38 ಸೀಸನ್ ಕೋಚ್ ಆಗಿದ್ದ ಅವರು ಸೋತದ್ದು 208 ಪಂದ್ಯ. ಆದರೆ ಕಾಲೇಜಿನಲ್ಲಿ ಹುಡುಗಿಯರ ತಂಡ ಕಟ್ಟುವವರಿಗೆ ಹೆಚ್ಚು ಕಲಿಸುವುದು ಮೊದಲ ಕಪ್ ಬರುವ ಮುಂಚಿನ ಹದಿಮೂರು ವರ್ಷ.

ಕೆಲಸಕ್ಕೆ ಸೇರಿದಾಗ ಅವರಿಗೆ 22 ವರ್ಷ, ತಿಂಗಳಿಗೆ 250 ಡಾಲರ್. ಜೊತೆಗೆ ಸ್ನಾತಕೋತ್ತರ ಓದು, ದೈಹಿಕ ಶಿಕ್ಷಣದ ಪಾಠ, ಆಗಷ್ಟೇ ಲಿಗಮೆಂಟ್ ಹರಿದಿದ್ದ ಮೊಣಕಾಲಿನ ಚಿಕಿತ್ಸೆ. ಆ ಕಾಲಿನಲ್ಲೇ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ ಗೆದ್ದರು. ತಂಡದ ವ್ಯಾನ್ ಓಡಿಸುತ್ತಿದ್ದವರು, ಜೆರ್ಸಿ ಒಗೆಯುತ್ತಿದ್ದವರು ಅವರೇ. ಆ ಜೆರ್ಸಿಗಳಿಗೆ ದುಡ್ಡು ಬಂದದ್ದು ಡೋನಟ್ ಮಾರಿ. ಮೊದಲ ಪಂದ್ಯ ಮರ್ಸರ್ ವಿಶ್ವವಿದ್ಯಾಲಯದ ಎದುರು 83-84ರಲ್ಲಿ, ಒಂದೇ ಅಂಕದಿಂದ ಹೋಯಿತು. ಮೊದಲ ಸೀಸನ್ 16 ಗೆಲುವು, 8 ಸೋಲು. ಖೋ ಖೋದಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲ ತಂಡಗಳನ್ನೂ ಒಬ್ಬರೇ ಹೊತ್ತು ನಡೆಸುವ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಇದೆಲ್ಲ ಪರಿಚಿತ ಬದುಕು.

ಆ ದಿನಗಳ ದೊಡ್ಡ ತೊಡಕು ಇದ್ದದ್ದು ಹೈಸ್ಕೂಲುಗಳಲ್ಲಿ. ಟೆನೆಸಿಯ ಹೈಸ್ಕೂಲು ಹುಡುಗಿಯರು ಆರು ಮಂದಿಯ ಆಟ ಆಡುತ್ತಿದ್ದರು: ಅಂಕ ಗಳಿಸಲು ಮೂವರು ಫಾರ್ವರ್ಡ್, ಎದುರಾಳಿಯನ್ನು ತಡೆಯಲು ಮೂವರು ಗಾರ್ಡ್, ಯಾರೂ ನಡುಗೆರೆ ದಾಟುವಂತಿಲ್ಲ. ಗಾರ್ಡ್ ಆಗಿ ಬೆಳೆದ ಹುಡುಗಿ ಪಂದ್ಯದಲ್ಲಿ ಒಂದು ಶಾಟ್ ಕೂಡ ಹೊಡೆಯದೆ ಕಾಲೇಜು ಸೇರುತ್ತಿದ್ದಳು. ಫಾರ್ವರ್ಡ್‌ಗೆ ಡಿಫೆನ್ಸ್ ಎಂದರೇನೆಂದೇ ಗೊತ್ತಿರುತ್ತಿರಲಿಲ್ಲ. ಇಡೀ ಕೋರ್ಟ್ ಓಡುವ ದಮ್ಮು ಇಬ್ಬರಿಗೂ ಇರುತ್ತಿರಲಿಲ್ಲ. ಸಮಿಟ್ ಇದನ್ನು ಬಹಿರಂಗವಾಗಿ ವಿರೋಧಿಸಿದರು, ಆಟಗಾರ್ತಿಯರನ್ನು ಬೇರೆ ರಾಜ್ಯಗಳಿಂದ ತರುತ್ತೇನೆ ಎಂದರು. 1979ರಲ್ಲಿ ರಾಜ್ಯ ಐದು ಮಂದಿಯ ಆಟಕ್ಕೆ ಬದಲಾಯಿತು. ಕೋಚ್ ಆದವರು ತಮ್ಮ ಕೆಳಗಿನ ಹಂತದ ಆಟವನ್ನೂ ತಿದ್ದಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ರಾಷ್ಟ್ರೀಯ ಟೂರ್ನಿಯ ಫೈನಲ್ ಸೋಲುಗಳೂ ಸಾಲಾಗಿ ಬಂದವು: 1980ರಲ್ಲಿ ಓಲ್ಡ್ ಡೊಮಿನಿಯನ್, 1981ರಲ್ಲಿ ಲೂಸಿಯಾನಾ ಟೆಕ್, 1984ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ. ಕೊನೆಗೆ 1987ರಲ್ಲಿ ಅದೇ ಲೂಸಿಯಾನಾ ಟೆಕ್ ಎದುರು 67-44. ಆ 44 ನೋಡಿದರೆ ಸಾಕು, ಕಪ್ ತಂದದ್ದು ಡಿಫೆನ್ಸ್ ಮತ್ತು ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವುದು) ಎಂದು ತಿಳಿಯುತ್ತದೆ. ಸಮಿಟ್ ತಂಡಗಳ ಗುರುತೇ ಅದು.

ರಿಬೌಂಡ್ ಎತ್ತರದಿಂದ ಬರುತ್ತದೆ ಎಂದು ನಂಬಿದ ಕೋಚ್‌ಗಳು ಬಹಳ. ನಿಜವಾಗಿ ಅದು ಬರುವುದು ಬಾಕ್ಸ್ ಔಟ್‌ನಿಂದ, ಅಂದರೆ ಎದುರಾಳಿಯನ್ನು ಬೆನ್ನ ಹಿಂದೆ ತಡೆದು ನಿಲ್ಲಿಸುವುದರಿಂದ. ಶಾಟ್ ಎದ್ದ ಕ್ಷಣ ಚೆಂಡಿನಿಂದ ಕಣ್ಣು ತೆಗೆದು ಎದುರಾಳಿಯನ್ನು ಹುಡುಕಬೇಕು. ಮುಂಗೈ ತಾಗಿಸಿ ಅವಳ ದಾರಿ ತಿಳಿದುಕೊಳ್ಳಬೇಕು, ಆಮೇಲೆ ಪಿವಟ್ ಮಾಡಿ (ಒಂದು ಕಾಲೂರಿ ತಿರುಗಿ) ಬೆನ್ನು ಕೊಡಬೇಕು, ಸೊಂಟ ತಗ್ಗಿಸಬೇಕು. ಚೆಂಡು ನೋಡುವುದು ಕೊನೆಗೆ. ಹಿಡಿಯುವುದು ಎರಡೂ ಕೈಯಲ್ಲಿ, ಇಳಿಸುವುದು ಗದ್ದದ ಹತ್ತಿರಕ್ಕೆ, ಮೊಣಕೈ ಅಗಲ. ಸಾಮಾನ್ಯ ತಪ್ಪುಗಳು ಎರಡು. ಒಂದು, ತಾಗುವ ಮೊದಲೇ ತಿರುಗುವುದು. ಎದುರಾಳಿ ಪಕ್ಕದಿಂದ ನುಗ್ಗಿಬಿಡುತ್ತಾಳೆ. ಎರಡು, ರಿಂಗ್ ಕೆಳಗೇ ಹೋಗಿ ನಿಲ್ಲುವುದು; ಅಲ್ಲಿ ನಿಂತವಳಿಗೆ ಬಲೆಯಿಂದ ಬಿದ್ದ ಚೆಂಡು ಮಾತ್ರ ಸಿಗುತ್ತದೆ, ತಪ್ಪಿದ ಶಾಟ್ ತಲೆ ಮೇಲಿಂದ ಹಾರುತ್ತದೆ. ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ, ಆದ್ದರಿಂದ ಆ ಬದಿಯ ಆಟಗಾರ್ತಿ ಮೊದಲು ಸಿದ್ಧಳಾಗಬೇಕು. ಮೂವರ ಎದುರು ಮೂವರನ್ನು ನಿಲ್ಲಿಸಿ, ಡಿಫೆನ್ಸ್‌ನವರು ಸತತ ಮೂರು ರಿಬೌಂಡ್ ಹಿಡಿಯುವವರೆಗೆ ಬಿಡಬೇಡಿ. ನಡುವೆ ಒಂದು ತಪ್ಪಿದರೆ ಎಣಿಕೆ ಮತ್ತೆ ಸೊನ್ನೆಗೆ.

ಪ್ರಾಕ್ಟೀಸ್‌ಗೆ ಸಮಿಟ್ ಹುಡುಗರನ್ನು ಕರೆಸುತ್ತಿದ್ದರು, ಅದೇ ವಿಶ್ವವಿದ್ಯಾಲಯದ ಸಾಮಾನ್ಯ ವಿದ್ಯಾರ್ಥಿಗಳನ್ನು. ಉದ್ದ ಕೈ, ಹೆಚ್ಚು ವೇಗ. ಇವರೆದುರು ಪಾಸ್ ದಾಟಿಸಿದವಳಿಗೆ ಪಂದ್ಯದಲ್ಲಿ ದಾರಿ ಸುಲಭ. ಮುಂದಿನ ಎದುರಾಳಿಯ ಆಟವನ್ನೂ ಅವರಿಗೆ ಕಲಿಸಿ ಆಡಿಸಬಹುದು. ಇಲ್ಲೂ ಒಂದು ಅಪಾಯವಿದೆ. ಪ್ರತಿದಿನ ಮೊದಲ ಐವರೇ ಹುಡುಗರ ಎದುರು ಆಡಿದರೆ ಬೆಂಚ್‌ನವರು ಬರೀ ನೋಡುತ್ತಾ ನಿಲ್ಲುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಸೀಸನ್ ವೇಳೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಯ ಮಿತಿ ಬಂದ ಮೇಲಂತೂ ಆ ಸಮಯವನ್ನು ಯಾರಿಗೆ ಎಷ್ಟು ಹಂಚುವುದು ಎನ್ನುವುದೇ ಕೋಚ್‌ನ ದೊಡ್ಡ ಲೆಕ್ಕ. ಕೊನೆಯ ಕಾಲು ಗಂಟೆ ಹುಡುಗಿಯರ ನಡುವೆಯೇ ಆಡಿಸುವುದು ಒಳ್ಳೆಯದು.

ಅವರ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಕೋಚ್ ಹೊಗಳಿದರೆ ಆಟಗಾರ್ತಿ "ಟೂ ಪಾಯಿಂಟ್ಸ್" ಎನ್ನಬೇಕು, ತಿದ್ದಿದರೆ "ರಿಬೌಂಡ್" ಎನ್ನಬೇಕು. ತಲೆ ತಗ್ಗಿಸಿ ನಿಲ್ಲುವಂತಿಲ್ಲ. ಮಾತು ತಲುಪಿತೋ ಇಲ್ಲವೋ ಎಂದು ಕೋಚ್‌ಗೆ ತಕ್ಷಣ ತಿಳಿಯುತ್ತದೆ, ಬೈಗುಳ ಮನಸ್ಸಿನಲ್ಲಿ ಕೂತು ಮುಂದಿನ ನಾಲ್ಕು ನಿಮಿಷದ ಆಟ ಕೆಡಿಸುವುದೂ ತಪ್ಪುತ್ತದೆ. ತರಗತಿಯ ನಿಯಮ ಇನ್ನೂ ಬಿಗಿ: ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕ್ಲಾಸ್ ತಪ್ಪಿಸಿದರೆ ಪಂದ್ಯ ಇಲ್ಲ. ಇದನ್ನು ಜಾರಿ ಮಾಡುವಾಗ ಬಹುತೇಕ ಕಡೆ ಎಡವುವುದು ಒಂದೇ ಜಾಗದಲ್ಲಿ: ನಿಯಮ ಮುರಿದವಳು ತಂಡದ ಅತ್ಯುತ್ತಮ ಆಟಗಾರ್ತಿಯಾಗಿ, ಎದುರಿಗೆ ದೊಡ್ಡ ಪಂದ್ಯ ಇದ್ದಾಗ. ಆಗ ಒಮ್ಮೆ ಸಡಿಲಿಸಿದರೆ ಉಳಿದ ಹನ್ನೊಂದು ಮಂದಿಗೆ ಆ ನಿಯಮ ಸತ್ತಂತೆ. ಟೆನೆಸಿಯಲ್ಲಿ ತಮ್ಮ ಪೂರ್ತಿ ಆಟದ ಅವಧಿ ಮುಗಿಸಿದ ಸಮಿಟ್ ಶಿಷ್ಯೆಯರೆಲ್ಲ ಪದವಿ ಪಡೆದರು. 1098ಕ್ಕಿಂತ ಇದನ್ನು ನಾನು ಮೇಲಿಡುತ್ತೇನೆ.

1996-97ರ ಸೀಸನ್ ಅನ್ನು ಪ್ರತಿಯೊಬ್ಬ ಕೋಚ್ ಓದಬೇಕು. ಚಮೀಕ್ ಹೋಲ್ಡ್ಸ್‌ಕ್ಲಾ ಎಂಬ ತಾರಾ ಆಟಗಾರ್ತಿ ಇದ್ದರೂ ತಂಡ ಹತ್ತು ಪಂದ್ಯ ಸೋತಿತ್ತು. ನಾಕ್‌ಔಟ್‌ನಲ್ಲಿ ಅಲ್ಲಿಯವರೆಗೆ ಒಂದೂ ಸೋಲದ ಕನೆಕ್ಟಿಕಟ್ ತಂಡವನ್ನು 91-81ರಲ್ಲಿ ಕೆಡವಿ, ಫೈನಲ್‌ನಲ್ಲಿ ಓಲ್ಡ್ ಡೊಮಿನಿಯನ್ ಮೇಲೆ 68-59ರಲ್ಲಿ ಗೆದ್ದಿತು. ಮರುವರ್ಷ 39 ಪಂದ್ಯ, 39 ಗೆಲುವು.

ಸಹಾಯಕ ಕೋಚ್‌ಗಳ ವಿಷಯ ಹೇಳದೆ ಈ ವೃತ್ತಿಯ ಚಿತ್ರ ಪೂರ್ಣವಾಗದು. ಹಾಲಿ ವಾರ್ಲಿಕ್ ಮೊದಲು ಸಮಿಟ್ ಕೈಯಲ್ಲೇ ಆಡಿದವರು, 1985ರಿಂದ ಸಹಾಯಕಿ. ನೀರು, ಟವೆಲ್ ಹೊರುವ ಕೆಲಸಕ್ಕೆ ಸಹಾಯಕರನ್ನು ಇಟ್ಟುಕೊಳ್ಳುವ ಪರಿಪಾಠ ನಮ್ಮಲ್ಲಿ ಇನ್ನೂ ಇದೆ. ಸಮಿಟ್ ಮಾತ್ರ ತಮ್ಮ ಎದುರು ನಿಂತು ಒಪ್ಪುವುದಿಲ್ಲ ಎನ್ನುವವರನ್ನೇ ಆರಿಸಿಕೊಂಡರು, ಆಟಗಾರ್ತಿಯರ ಆಯ್ಕೆಯಿಂದ ಪಂದ್ಯದ ತಂತ್ರದವರೆಗೆ ಅವರಿಗೆ ಬಿಟ್ಟುಕೊಟ್ಟರು. 2011ರ ಆಗಸ್ಟ್‌ನಲ್ಲಿ ತಮಗೆ ಆಲ್ಝೈಮರ್ಸ್ ಇದೆ ಎಂದು ಸಮಿಟ್ ಪ್ರಕಟಿಸಿದಾಗ ಪಂದ್ಯದ ವೇಳೆಯ ಹೆಚ್ಚಿನ ಹೊಣೆ ವಾರ್ಲಿಕ್ ಹೆಗಲಿಗೆ ಬಂತು. ಆ ಸೀಸನ್‌ನಲ್ಲಿ ತಂಡ 27 ಪಂದ್ಯ ಗೆದ್ದು, 9 ಸೋತು, ಕೊನೆಯ ಎಂಟರ ಹಂತದಲ್ಲಿ ಬೇಲರ್‌ಗೆ ಶರಣಾಯಿತು. ಆ ವರ್ಷ ಬೇಲರ್ ಆಡಿದ ನಲವತ್ತನ್ನೂ ಗೆದ್ದ ತಂಡ. 2012ರ ಏಪ್ರಿಲ್‌ನಲ್ಲಿ ವಾರ್ಲಿಕ್ ಮುಖ್ಯ ಕೋಚ್ ಆದರು.